ಕಥೆಯ ಕಾಣಿಕೆ

ತಾವು ಹೋದ ಮೇಲೂ ತಮ್ಮ ಗಳಿಕೆ ನಾಲ್ಕು ಜನರಿಗೆ ಉಪಯೋಗವಾಗಲಿ ಎಂದು ಬಯಸುವವರು ಎಲ್ಲ ಕಾಲದಲ್ಲಿಯೂ ಎಲ್ಲ ದೇಶಗಳಲ್ಲಿಯೂ ಇರುತ್ತಾರೆ. ಸ್ಕಾಟ್ಲಂಡಿನ ಲೇಖಕರೊಬ್ಬರು ತಾವು ಬರೆದ ಕಥೆಯನ್ನೇ ಕಾಯಿಲೆಯ ಮಕ್ಕಳಿಗಾಗಿ ಬಿಟ್ಟುಹೋದರು. ಆ ನಿಜ ಸಂಗತಿಯನ್ನು ಈ ಪಾಠದಲ್ಲಿ ಹೇಳಲಾಗಿದೆ.

ಮಕ್ಕಳೇ, ನಿಮ್ಮ ಊರಿನ ಶಾಲೆಯ ಗೋಡೆಯನ್ನೋ ದವಾಖಾನೆಯ ಬಾಗಿಲನ್ನೋ ಒಮ್ಮೆ ಲಕ್ಷ್ಯಗೊಟ್ಟು ನೋಡಿರಿ. ಅಲ್ಲಿ ಒಂದು ಕಲ್ಲಿನ ಫಲಕ ಇರಬಹುದು. ‘ಇಂಥವರ ಸ್ಮರಣಾರ್ಥ ಈ ಕೋಣೆಯನ್ನು ಕಟ್ಟಿಸಿಕೊಡಲಾಗಿದೆ’ ಎಂದು ಅದರ ಮೇಲೆ ಕೊರೆದಿರುತ್ತಾರೆ. ಗುಡಿಯ ಗಡಿಯಾರದ ಮೇಲೆ, ವರ್ಗದ ಫ್ಯಾನಿನ ಮೇಲೆ, ಕುಡಿಯುವ ನೀರಿನ ಟಾಕಿಯ ಮೇಲೆ ಕೂಡ ಇಂಥ ಹೆಸರುಗಳನ್ನು ನೀವು ಓದಿರಬಹುದು. ಆ ಹೆಸರಿನವರಲ್ಲಿ ಎಷ್ಟೋ ಜನ ಈಗ ಬದುಕಿಲ್ಲ. ಆದರೂ ಅವರು ಕೊಟ್ಟ ಫ್ಯಾನು ತಿರುಗುತ್ತಲೇ ಇರುತ್ತದೆ. ಅವರು ಕಟ್ಟಿಸಿದ ಟಾಕಿಯ ನೀರನ್ನು ನೀವು ಕುಡಿಯುತ್ತೀರಿ.

ಕೆಲವರು ಹೊಲವನ್ನು ಬಿಟ್ಟುಹೋಗುತ್ತಾರೆ. ಕೆಲವರು ಮನೆಯನ್ನು, ಕೆಲವರು ಹಣವನ್ನು ಬಿಟ್ಟುಹೋಗುತ್ತಾರೆ. ಆದರೆ ಒಂದು ಕಥೆಯನ್ನು ಹೀಗೆ ಬಿಟ್ಟುಹೋಗಲು ಬರುತ್ತದೆಯೇ? ಕಥೆಯಿಂದ ಕಾಯಿಲೆಯ ಮಗುವಿಗೆ ಔಷಧ ದೊರೆಯುವುದೇ? ದೊರೆಯುತ್ತದೆ. ಹೇಗೆಂದು ತಿಳಿಯಬೇಕಾದರೆ ನಾವು ಬಹಳ ದೂರದ ಒಂದು ಊರಿಗೆ ಹೋಗಬೇಕು.

ನೇಕಾರರ ಮನೆಯ ಹುಡುಗ

ಬ್ರಿಟನ್ನಿನ ಉತ್ತರ ಭಾಗಕ್ಕೆ ಸ್ಕಾಟ್ಲಂಡ್ ಎಂದು ಹೆಸರು. ಅಲ್ಲಿ ಕಿರಿಮ್ಯೂರ್ ಎಂಬ ಚಿಕ್ಕ ಊರಿದೆ. ನೂರೈವತ್ತು ವರ್ಷಗಳ ಹಿಂದೆ ಆ ಊರಿನ ಮನೆಮನೆಗಳಲ್ಲಿ ಕೈಮಗ್ಗಗಳಿದ್ದವು. ಸೊಲ್ಲಾಪುರದ ಮಗ್ಗಗಳ ಸದ್ದು ಕೇಳಿ ಬೆಳೆದ ಮಕ್ಕಳಿಗೆ ಆ ಊರು ಪರಕೀಯ ಎನಿಸಲಾರದು. ಅಲ್ಲಿಯ ಒಬ್ಬ ನೇಕಾರರ ಮನೆಯಲ್ಲಿ 1860ನೆಯ ಇಸವಿಯ ಮೇ 9ರಂದು ಜೇಮ್ಸ್ ಬ್ಯಾರಿ ಹುಟ್ಟಿದನು. ತಂದೆತಾಯಿಗೆ ಹತ್ತು ಮಕ್ಕಳು. ಅವರಲ್ಲಿ ಜೇಮ್ಸ್ ಒಂಬತ್ತನೆಯವನು.

ಜೇಮ್ಸನಿಗೆ ಡೇವಿಡ್ ಎಂಬ ಅಣ್ಣನಿದ್ದನು. ಓದಿನಲ್ಲಿ ಜಾಣ, ಆಟದಲ್ಲಿ ಚುರುಕು. ತಾಯಿಗೆ ಅವನೆಂದರೆ ಪಂಚಪ್ರಾಣ. ಡೇವಿಡ್ ಓದುವುದಕ್ಕಾಗಿ ಬೇರೆ ಊರಿನಲ್ಲಿ ಇದ್ದನು. 1867ರ ಜನವರಿ ತಿಂಗಳು. ಆ ದೇಶದಲ್ಲಿ ಚಳಿಗಾಲಕ್ಕೆ ಕೆರೆಯ ನೀರು ಹೆಪ್ಪುಗಟ್ಟಿ ಕಲ್ಲಿನಂತಾಗುತ್ತದೆ. ಮಕ್ಕಳು ಅದರ ಮೇಲೆ ಜಾರುವ ಆಟ ಆಡುತ್ತಾರೆ. ಹಾಗೆ ಆಡುವಾಗ ಡೇವಿಡ್ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡನು. ಮತ್ತೆ ಏಳಲಿಲ್ಲ. ಆಗ ಅವನಿಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಜೇಮ್ಸನಿಗೆ ಆರು ವರ್ಷ.

ತಾಯಿ ಹಾಸಿಗೆ ಹಿಡಿದಳು. ಯಾರೊಂದಿಗೂ ಹೆಚ್ಚು ಮಾತಿಲ್ಲ, ನಗೆಯಂತೂ ಇಲ್ಲವೇ ಇಲ್ಲ. ಆರು ವರ್ಷದ ಹುಡುಗ ಏನು ಮಾಡಬಲ್ಲ? ಅಮ್ಮನನ್ನು ನಗಿಸಬೇಕೆಂದು ಜೇಮ್ಸ್ ನಿಶ್ಚಯ ಮಾಡಿದನು. ದಿನವೂ ಅವಳ ಕೋಣೆಗೆ ಹೋಗಿ ಏನಾದರೂ ಚೇಷ್ಟೆ ಮಾಡುವನು. ಅಮ್ಮ ಒಮ್ಮೆ ನಕ್ಕರೆ ಕಾಗದದ ಮೇಲೆ ಒಂದು ಗೆರೆ ಎಳೆಯುವನು. ಮರುದಿನ ಬೆಳಿಗ್ಗೆ ಡಾಕ್ಟರರು ಬಂದಾಗ ಆ ಕಾಗದವನ್ನು ಗುಟ್ಟಾಗಿ ಅವರ ಕೈಗೆ ಕೊಡುವನು. ಮೊದಲ ಸಲ ಕೊಟ್ಟ ಕಾಗದದಲ್ಲಿ ಐದು ಗೆರೆಗಳಿದ್ದವು!

ಇನ್ನೊಂದು ದಿನ ಅವನು ಅಣ್ಣನ ಬಟ್ಟೆ ತೊಟ್ಟನು. ಅಣ್ಣನಂತೆಯೇ ಕಾಲು ಅಗಲಿಸಿ ನಿಂತು, ಅಣ್ಣನಂತೆಯೇ ಸಿಳ್ಳೆ ಹಾಕಿದನು. ಅಮ್ಮನಿಗೆ ಸಮಾಧಾನವಾಗಲಿ ಎಂಬುದೊಂದೇ ಅವನ ಆಸೆ. ಬೆಳೆದು ದೊಡ್ಡವನಾದ ಮೇಲೆ ಅವನು ತಾಯಿಯನ್ನು ಕುರಿತು ಒಂದು ಪುಸ್ತಕ ಬರೆದನು. ಈ ಸಂಗತಿಗಳನ್ನೆಲ್ಲ ಅದರಲ್ಲಿ ಹೇಳಿದ್ದಾನೆ.

ವರ್ಷಗಳು ಉರುಳಿದವು. ಮನೆಯ ಉಳಿದ ಮಕ್ಕಳು ದೊಡ್ಡವರಾದರು. ತಾಯಿಯ ನೆನಪಿನಲ್ಲಿ ಮಾತ್ರ ಡೇವಿಡ್ ಎಂದೆಂದಿಗೂ ಹುಡುಗನಾಗಿಯೇ ಉಳಿದನು. ಈ ವಿಚಾರ ಜೇಮ್ಸನ ಮನಸ್ಸಿನಲ್ಲಿ ಬೀಜದಂತೆ ಬಿದ್ದಿತು.

ಬೆಳೆಯದ ಹುಡುಗನ ಕಥೆ

ಜೇಮ್ಸ್ ಬ್ಯಾರಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಓದಿ ಪದವಿ ಪಡೆದರು. ಕೆಲವು ಕಾಲ ಪತ್ರಿಕೆಯಲ್ಲಿ ಕೆಲಸ ಮಾಡಿದರು. 1885ರಲ್ಲಿ ಲಂಡನ್ನಿಗೆ ಬಂದು ಬರವಣಿಗೆಯಿಂದಲೇ ಬದುಕತೊಡಗಿದರು. ಅವರ ಕಥೆ, ನಾಟಕಗಳು ಜನರಿಗೆ ಮೆಚ್ಚುಗೆಯಾದವು. ಹಣ ಬಂದಿತು, ಹೆಸರು ಬಂದಿತು. ಆದರೆ ಅವರಿಗೆ ಸ್ವಂತ ಮಕ್ಕಳಿರಲಿಲ್ಲ.

ಲಂಡನ್ನಿನಲ್ಲಿ ಕೆನ್ಸಿಂಗ್ಟನ್ ಎಂಬ ದೊಡ್ಡ ಉದ್ಯಾನವಿದೆ. ಬ್ಯಾರಿಯವರು ತಮ್ಮ ನಾಯಿಯೊಂದಿಗೆ ಅಲ್ಲಿಗೆ ತಿರುಗಾಡಲು ಹೋಗುತ್ತಿದ್ದರು. ಅಲ್ಲಿ ಡೇವಿಸ್ ಮನೆತನದ ಹುಡುಗರು ಅವರಿಗೆ ಗೆಳೆಯರಾದರು. ಅವರಿಗಾಗಿ ಬ್ಯಾರಿಯವರು ದಿನಕ್ಕೊಂದು ಕಥೆ ಕಟ್ಟಿ ಹೇಳುತ್ತಿದ್ದರು. ಆ ಹುಡುಗರಲ್ಲಿ ಒಬ್ಬನ ಹೆಸರು ಪೀಟರ್. ಅವನ ಹೆಸರನ್ನೇ ಕಥೆಯ ನಾಯಕನಿಗೆ ಇಟ್ಟರು. ಹೀಗೆ ‘ಪೀಟರ್ ಪ್ಯಾನ್’ ಹುಟ್ಟಿದನು.

ಪೀಟರ್ ಪ್ಯಾನ್ ಎಂದೂ ಬೆಳೆಯದ ಹುಡುಗ. ಅವನು ಹಾರಬಲ್ಲ. ಒಂದು ರಾತ್ರಿ ಅವನು ವೆಂಡಿ ಎಂಬ ಹುಡುಗಿಯ ಮನೆಯ ಕಿಟಕಿಯಿಂದ ಒಳಗೆ ಬರುತ್ತಾನೆ. ಕಳೆದುಹೋದ ತನ್ನ ನೆರಳನ್ನು ಹುಡುಕುತ್ತಾನೆ. ನೆರಳು ಸಿಕ್ಕಿತು, ಆದರೆ ಅಂಟಿಕೊಳ್ಳಲೊಲ್ಲದು! ವೆಂಡಿ ಸೂಜಿದಾರ ತಂದು ನೆರಳನ್ನು ಅವನ ಕಾಲಿಗೆ ಹೊಲಿದುಕೊಡುತ್ತಾಳೆ. ಪೀಟರ್ ಅವಳನ್ನೂ ಅವಳ ಇಬ್ಬರು ತಮ್ಮಂದಿರನ್ನೂ ಒಂದು ವಿಚಿತ್ರವಾದ ದ್ವೀಪಕ್ಕೆ ಹಾರಿಸಿಕೊಂಡು ಹೋಗುತ್ತಾನೆ. ಅಲ್ಲಿ ತಾಯಿ ಇಲ್ಲದ ಹುಡುಗರಿದ್ದಾರೆ, ಕಡಲುಗಳ್ಳರಿದ್ದಾರೆ. ಕಡಲುಗಳ್ಳರ ನಾಯಕನಿಗೆ ಒಂದು ಕೈ ಇಲ್ಲ, ಅದರ ಬದಲು ಕಬ್ಬಿಣದ ಕೊಕ್ಕೆ. ಗಡಿಯಾರ ನುಂಗಿದ ಮೊಸಳೆಯೊಂದು ‘ಟಿಕ್ ಟಿಕ್’ ಎನ್ನುತ್ತ ಅವನ ಬೆನ್ನು ಹತ್ತಿರುತ್ತದೆ.

ಈ ನಾಟಕ 1904ನೆಯ ಇಸವಿಯ ಡಿಸೆಂಬರ್ 27ರಂದು ಲಂಡನ್ನಿನಲ್ಲಿ ಮೊದಲ ಬಾರಿ ಆಡಲ್ಪಟ್ಟಿತು. ನಟರು ತಂತಿಗಳ ಸಹಾಯದಿಂದ ರಂಗದ ಮೇಲೆ ಹಾರುವುದನ್ನು ಕಂಡು ಮಕ್ಕಳು ಕುಣಿದಾಡಿದರು. ಮನೆಗೆ ಹೋಗಿ ತಾವೂ ಮಂಚದ ಮೇಲಿನಿಂದ ಹಾರಲು ನೋಡಿ ಪೆಟ್ಟು ಮಾಡಿಕೊಂಡರು! ಆ ಸುದ್ದಿ ಕೇಳಿದ ಬ್ಯಾರಿಯವರು ನಾಟಕದಲ್ಲಿ ಒಂದು ಮಾತು ಸೇರಿಸಿದರು. ಕಿನ್ನರಿಯ ಮಾಯಾಪುಡಿ ಮೈಮೇಲೆ ಬೀಳದೆ ಯಾರಿಗೂ ಹಾರಲು ಬರುವುದಿಲ್ಲ ಎಂದು. ಮಕ್ಕಳ ಕೈಕಾಲು ಉಳಿದವು.

ಈ ನಾಟಕದಲ್ಲಿ ಟಿಂಕರ್ ಬೆಲ್ ಎಂಬ ಪುಟ್ಟ ಕಿನ್ನರಿ ಇದ್ದಾಳೆ. ಪೀಟರನಿಗಾಗಿ ಇಟ್ಟ ವಿಷವನ್ನು ಅವಳು ತಾನೇ ಕುಡಿದುಬಿಡುತ್ತಾಳೆ. ಅವಳ ಬೆಳಕು ಮಂಕಾಗುತ್ತ ಹೋಗುತ್ತದೆ. ಆಗ ಪೀಟರನು ಪ್ರೇಕ್ಷಕರ ಕಡೆಗೆ ತಿರುಗಿ, ಕಿನ್ನರಿಯರನ್ನು ನಂಬುವವರೆಲ್ಲ ಚಪ್ಪಾಳೆ ತಟ್ಟಬೇಕೆಂದು ಬೇಡಿಕೊಳ್ಳುತ್ತಾನೆ. ಯಾರೂ ತಟ್ಟದಿದ್ದರೆ ಏನು ಗತಿ ಎಂದು ಬ್ಯಾರಿಯವರಿಗೆ ಮೊದಲ ದಿನ ಬಹಳ ಅಳುಕಿತ್ತು. ವಾದ್ಯದವರಿಗೆ ಮುಂಚೆಯೇ ಹೇಳಿ, ನೀವಾದರೂ ತಟ್ಟಿರಿ ಎಂದು ಕೇಳಿಕೊಂಡಿದ್ದರು. ಅದರ ಅವಶ್ಯಕತೆ ಬೀಳಲಿಲ್ಲ. ಇಡೀ ನಾಟಕಗೃಹವೇ ಚಪ್ಪಾಳೆ ತಟ್ಟಿತು. ಕಿನ್ನರಿ ಬದುಕಿದಳು.

ಆದರೆ ಮಕ್ಕಳೇ, ನಿಜವಾದ ಮಗುವಿಗೆ ಕಾಯಿಲೆಯಾದರೆ ಚಪ್ಪಾಳೆ ತಟ್ಟಿ ಗುಣಪಡಿಸಲು ಬರುವುದಿಲ್ಲ. ಅದಕ್ಕೆ ಡಾಕ್ಟರರು ಬೇಕು, ದಾದಿಯರು ಬೇಕು, ಹಾಸಿಗೆ ಬೇಕು, ಔಷಧ ಬೇಕು. ಇವೆಲ್ಲಕ್ಕೂ ಹಣ ಬೇಕು. ಬ್ಯಾರಿಯವರಿಗೆ ಇದು ಚೆನ್ನಾಗಿ ತಿಳಿದಿತ್ತು.

ಬ್ಯಾರಿಯವರು ಮಕ್ಕಳಿಗೆ ಬರೀ ಕಥೆ ಹೇಳಿ ಸುಮ್ಮನಾದವರಲ್ಲ. ಡೇವಿಸ್ ಹುಡುಗರ ತಂದೆ 1907ರಲ್ಲಿ ತೀರಿಕೊಂಡರು. ಮೂರು ವರ್ಷಗಳ ನಂತರ ತಾಯಿಯೂ ಹೋದರು. ಐದು ಜನ ಹುಡುಗರು ತಬ್ಬಲಿಗಳಾದರು. ಅವರ ಓದು, ಊಟ, ಬಟ್ಟೆಬರೆಗಳ ಹೊಣೆಯನ್ನು ಬ್ಯಾರಿಯವರು ಹೊತ್ತರು.

ಹತ್ತು ಹಾಸಿಗೆಗಳ ಆಸ್ಪತ್ರೆ

ಈಗ ಅದೇ ಲಂಡನ್ನಿನ ಇನ್ನೊಂದು ಬೀದಿಗೆ ಹೋಗೋಣ. ಅದರ ಹೆಸರು ಗ್ರೇಟ್ ಆರ್ಮಂಡ್ ಬೀದಿ. ಬ್ಯಾರಿಯವರು ಹುಟ್ಟುವುದಕ್ಕೂ ಎಂಟು ವರ್ಷ ಮೊದಲು, 1852ರ ಫೆಬ್ರುವರಿ 14ರಂದು, ಆ ಬೀದಿಯ ಒಂದು ಹಳೆಯ ಮನೆಯಲ್ಲಿ ಚಿಕ್ಕ ಆಸ್ಪತ್ರೆಯೊಂದು ಪ್ರಾರಂಭವಾಯಿತು. ಅದರಲ್ಲಿ ಇದ್ದುದು ಹತ್ತೇ ಹಾಸಿಗೆ. ಅವೆಲ್ಲವೂ ಮಕ್ಕಳಿಗೆ!

ಇದರಲ್ಲಿ ಏನು ದೊಡ್ಡ ಮಾತು ಎಂದು ನಿಮಗೆ ಅನಿಸಬಹುದು. ಆ ಕಾಲದಲ್ಲಿ ಅದು ದೊಡ್ಡ ಮಾತೇ ಆಗಿತ್ತು. ಲಂಡನ್ನಿನಲ್ಲಿ ಆಸ್ಪತ್ರೆಗಳಿದ್ದವು. ಆದರೆ ಚಿಕ್ಕ ಮಕ್ಕಳನ್ನು ಅವುಗಳಲ್ಲಿ ಇಟ್ಟುಕೊಳ್ಳುತ್ತಿದ್ದುದು ಬಹಳ ಕಡಿಮೆ. ಬಡವರ ಮಕ್ಕಳು ಕತ್ತಲೆಯ ಇಕ್ಕಟ್ಟಾದ ಮನೆಗಳಲ್ಲಿ ಜ್ವರ, ಕೆಮ್ಮು, ಭೇದಿಗಳಿಂದ ನರಳಿ ಸಾಯುತ್ತಿದ್ದರು. ಮಕ್ಕಳ ರೋಗಗಳೇ ಬೇರೆ, ಅವರ ಆರೈಕೆಯ ರೀತಿಯೇ ಬೇರೆ ಎಂದು ಡಾಕ್ಟರ್ ಚಾರ್ಲ್ಸ್ ವೆಸ್ಟ್ ಎಂಬ ವೈದ್ಯರು ತಿಳಿದುಕೊಂಡಿದ್ದರು. ಅವರ ಪ್ರಯತ್ನದಿಂದ ಈ ಆಸ್ಪತ್ರೆ ಹುಟ್ಟಿತು. ಮಕ್ಕಳನ್ನು ಮಲಗಿಸಿಕೊಂಡು ಉಪಚರಿಸುವುದಕ್ಕಾಗಿಯೇ ಬ್ರಿಟನ್ನಿನಲ್ಲಿ ಸ್ಥಾಪನೆಯಾದ ಮೊದಲ ಆಸ್ಪತ್ರೆ ಇದು.

ಆಸ್ಪತ್ರೆ ನಡೆಯುತ್ತಿದ್ದುದು ಜನರು ಕೊಟ್ಟ ದೇಣಿಗೆಯಿಂದ. ಆರು ವರ್ಷಗಳಲ್ಲಿಯೇ ಜಾಗ ಸಾಲದಾಯಿತು. ಆಗ ಸಹಾಯಕ್ಕೆ ಬಂದವರು ಪ್ರಸಿದ್ಧ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್. ಅವರು 1858ರಲ್ಲಿ ಆಸ್ಪತ್ರೆಯ ಪರವಾಗಿ ಭಾಷಣ ಮಾಡಿದರು. ಜನರನ್ನು ಸೇರಿಸಿ ತಮ್ಮ ಕಥೆಯನ್ನು ತಾವೇ ಓದಿ ಹೇಳಿದರು. ಹಣ ಕೂಡಿತು. ಪಕ್ಕದ ಮನೆಯನ್ನು ಕೊಂಡು ಆಸ್ಪತ್ರೆಯನ್ನು ದೊಡ್ಡದು ಮಾಡಿದರು. 20 ಇದ್ದ ಹಾಸಿಗೆಗಳು 75 ಆದವು.

ಬ್ಯಾರಿಯವರು ಲಂಡನ್ನಿಗೆ ಬಂದ ಹೊಸದರಲ್ಲಿ ಈ ಆಸ್ಪತ್ರೆಯ ಹತ್ತಿರವೇ ಕೋಣೆ ಹಿಡಿದು ವಾಸವಾಗಿದ್ದರು. ಆಗ ಅವರು ಕೈಯಲ್ಲಿ ಹೆಚ್ಚು ಹಣವಿಲ್ಲದ ತರುಣರು.

‘ಬೇರೆ ದಾರಿ’

1929ನೆಯ ಇಸವಿ. ಬ್ಯಾರಿಯವರಿಗೆ ಅರವತ್ತೊಂಬತ್ತು ವರ್ಷ ಸಮೀಪಿಸಿತ್ತು. ಆಸ್ಪತ್ರೆಗೆ ಮತ್ತೆ ಜಾಗ ಸಾಲದಾಗಿತ್ತು. ಹತ್ತಿರದ ಭೂಮಿಯನ್ನು ಕೊಳ್ಳಲು ಹಣ ಕೂಡಿಸುವ ಒಂದು ಸಮಿತಿ ರಚನೆಯಾಯಿತು. ಹೆಸರಾಂತ ಲೇಖಕರಾದ ನೀವು ಈ ಸಮಿತಿಯಲ್ಲಿ ಇರಬೇಕು ಎಂದು ಆಸ್ಪತ್ರೆಯವರು ಬ್ಯಾರಿಯವರನ್ನು ಕೇಳಿದರು.

ಬ್ಯಾರಿಯವರು ಒಪ್ಪಲಿಲ್ಲ. ಸಮಿತಿಯ ಕೆಲಸ ತಮ್ಮಿಂದಾಗದು, ನೆರವಾಗಲು ಬೇರೆ ದಾರಿ ಸಿಕ್ಕೀತೆಂದು ನಂಬಿದ್ದೇನೆ ಎಂಬ ಅರ್ಥದ ಉತ್ತರ ಕೊಟ್ಟರು. ಇಂಥ ಉತ್ತರವನ್ನು ಕೇಳಿದವರು ಸಾಮಾನ್ಯವಾಗಿ ಆಸೆ ಬಿಡುತ್ತಾರೆ. ‘ನೋಡೋಣ’ ಎಂದವರಲ್ಲಿ ಎಷ್ಟು ಜನ ಮರಳಿ ಬರುತ್ತಾರೆ?

ಎರಡು ತಿಂಗಳಾದ ಮೇಲೆ ಆಸ್ಪತ್ರೆಯವರಿಗೆ ಸುದ್ದಿ ತಿಳಿಯಿತು. ಬ್ಯಾರಿಯವರು ‘ಪೀಟರ್ ಪ್ಯಾನ್’ ಕೃತಿಯ ಎಲ್ಲ ಹಕ್ಕುಗಳನ್ನು ಮಕ್ಕಳ ಆಸ್ಪತ್ರೆಗೆ ದಾನವಾಗಿ ಕೊಟ್ಟಿದ್ದರು!

ಕೃತಿಯ ಹಕ್ಕು ಎಂದರೇನು? ನಿಮಗೆ ತಿಳಿದ ಉದಾಹರಣೆಯಿಂದಲೇ ಹೇಳೋಣ. ಹೊಲದ ಒಡೆಯನು ತನ್ನ ಹೊಲವನ್ನು ಬೇರೆಯವರಿಗೆ ಲಾವಣಿಗೆ ಕೊಡುತ್ತಾನೆ. ಉಳುವವರು ಬೇರೆ, ಬಿತ್ತುವವರು ಬೇರೆ. ಆದರೂ ಸುಗ್ಗಿ ಬಂದಾಗ ಒಡೆಯನಿಗೆ ಪಾಲು ಬರುತ್ತದೆ. ಕಥೆಯೂ ಹಾಗೆಯೇ. ಅದನ್ನು ಬರೆದವರು ಅದರ ಒಡೆಯರು. ಯಾರಾದರೂ ಅದನ್ನು ಅಚ್ಚು ಹಾಕಿ ಮಾರಿದರೆ, ಟಿಕೆಟು ಇಟ್ಟು ನಾಟಕ ಆಡಿದರೆ, ಸಿನಿಮಾ ಮಾಡಿದರೆ ಒಡೆಯರಿಗೆ ಹಣದ ಒಂದು ಪಾಲು ಸಲ್ಲಬೇಕು. ಈ ಅಧಿಕಾರಕ್ಕೆ ‘ಕೃತಿಸ್ವಾಮ್ಯ’ ಎನ್ನುತ್ತಾರೆ. ಆ ಪಾಲಿಗೆ ‘ಗೌರವಧನ’ ಎನ್ನುತ್ತಾರೆ.

‘ಪೀಟರ್ ಪ್ಯಾನ್’ ಎಂಬ ಹೊಲ ಬಹಳ ಫಲವತ್ತಾದದ್ದು. ಕ್ರಿಸ್‌ಮಸ್ ಬಂದಿತೆಂದರೆ ಲಂಡನ್ನಿನಲ್ಲಿ ಆ ನಾಟಕ ಇದ್ದೇ ಇರುತ್ತಿತ್ತು. ಪುಸ್ತಕಗಳೂ ಖರ್ಚಾಗುತ್ತಿದ್ದವು. ಬ್ಯಾರಿಯವರು ಒಂದು ದೊಡ್ಡ ಮೊತ್ತವನ್ನು ಒಂದೇ ಸಲ ಕೊಟ್ಟಿದ್ದರೆ ಅದು ಕೆಲವು ವರ್ಷಗಳಲ್ಲಿ ಮುಗಿದುಹೋಗುತ್ತಿತ್ತು. ಅವರು ಕೊಟ್ಟದ್ದು ಪ್ರತಿ ವರ್ಷವೂ ಬೆಳೆ ಕೊಡುವ ಹೊಲವನ್ನು.

ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ನಾಟಕದ ನಟರು ಆಸ್ಪತ್ರೆಗೇ ಬಂದರು. ಮಕ್ಕಳ ಎದುರಿಗೆ, ಪೀಟರನು ವೆಂಡಿಯ ಮನೆಗೆ ಬರುವ ದೃಶ್ಯವನ್ನು ಆಡಿ ತೋರಿಸಿದರು. ಈ ದಾನದ ಮಾತು ಬಂದಾಗ ಬ್ಯಾರಿಯವರು ತಮ್ಮ ದೊಡ್ಡಸ್ತಿಕೆ ಹೇಳಿಕೊಳ್ಳಲಿಲ್ಲ. ಪೀಟರನೇ ಒಂದು ಕಾಲಕ್ಕೆ ಈ ಆಸ್ಪತ್ರೆಯಲ್ಲಿ ರೋಗಿಯಾಗಿದ್ದ, ಅವನು ಹೇಳಿದ್ದಕ್ಕೆ ತಾವು ಈ ಸಣ್ಣ ಕೆಲಸ ಮಾಡಿದ್ದು ಎಂದು ನಗೆಯಾಡಿದರು.

ಮರಣದ ಆಚೆಗೂ

ಬ್ಯಾರಿಯವರು 1937ರ ಜೂನ್ 19ರಂದು ತೀರಿಕೊಂಡರು. ತಾವು ಬದುಕಿರುವಾಗ ಕೊಟ್ಟ ಈ ದಾನವನ್ನು ಅವರು ತಮ್ಮ ಮೃತ್ಯುಪತ್ರದಲ್ಲಿಯೂ ಖಚಿತಪಡಿಸಿದ್ದರು.

ಮೃತ್ಯುಪತ್ರ ಎಂದರೆ ಹೆದರುವ ಶಬ್ದವಲ್ಲ. ‘ನನ್ನ ನಂತರ ನನ್ನ ಆಸ್ತಿ ಯಾರಿಗೆ ಸೇರಬೇಕು’ ಎಂದು ಒಬ್ಬರು ಬರೆದಿಡುವ ಪತ್ರಕ್ಕೆ ಆ ಹೆಸರು. ಅದನ್ನು ಉಯಿಲು ಎಂದೂ ಕರೆಯುತ್ತಾರೆ. ನಮ್ಮ ದೇಶದಲ್ಲಿ 18 ವರ್ಷ ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರು ಬೇಕಾದರೂ ತಮ್ಮ ಸ್ವಂತ ಆಸ್ತಿಯ ಬಗೆಗೆ ಇದನ್ನು ಬರೆಯಬಹುದು. ಸಾದಾ ಕಾಗದದ ಮೇಲೆ ಬರೆದರೂ ನಡೆಯುತ್ತದೆ. ಸಾಮಾನ್ಯವಾಗಿ ಬರೆದವರ ಸಹಿಯ ಜೊತೆಗೆ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಮನಸ್ಸು ಬದಲಾದರೆ ಬದುಕಿರುವ ತನಕ ಅದನ್ನು ಬದಲಿಸಬಹುದು. ಮನೆಯವರಿಗೆ ಸೇರಬೇಕಾದದ್ದನ್ನು ಸೇರಿಸಿ, ಒಂದು ಪಾಲನ್ನು ಶಾಲೆಗೋ ಆಸ್ಪತ್ರೆಗೋ ಬರೆದಿಡುವವರು ನಮ್ಮಲ್ಲಿಯೂ ಇದ್ದಾರೆ.

ಬ್ಯಾರಿಯವರ ದಾನಕ್ಕೆ ಒಂದು ಅಡಚಣೆ ಇತ್ತು. ಹೊಲದ ಒಡೆತನಕ್ಕೆ ಕೊನೆಯಿಲ್ಲ. ಕೃತಿಸ್ವಾಮ್ಯಕ್ಕೆ ಕೊನೆಯುಂಟು. ಬ್ರಿಟನ್ನಿನ ಅಂದಿನ ಕಾಯಿದೆಯ ಪ್ರಕಾರ ಲೇಖಕರು ತೀರಿಕೊಂಡ 50 ವರ್ಷಗಳ ನಂತರ ಆ ಹಕ್ಕು ಮುಗಿಯುತ್ತಿತ್ತು. ಆಮೇಲೆ ಆ ಕಥೆ ಎಲ್ಲರ ಸೊತ್ತು. ಭಾರತದಲ್ಲಿಯೂ ಇಂಥ ನಿಯಮವಿದೆ. ನಮ್ಮಲ್ಲಿ ಆ ಅವಧಿ 60 ವರ್ಷ. 1937ಕ್ಕೆ 50 ಕೂಡಿಸಿ ನೋಡಿರಿ. 1987 ಬರುತ್ತದೆಯಲ್ಲವೇ? ಆ ವರ್ಷ ಮುಗಿದಾಗ ಹಕ್ಕೂ ಮುಗಿಯಿತು. ಆಸ್ಪತ್ರೆಗೆ ಬರುವ ಪಾಲು ನಿಲ್ಲುವ ಹೊತ್ತು ಬಂದಿತು.

ಆಗ ಜೇಮ್ಸ್ ಕ್ಯಾಲಹನ್ ಎಂಬ ಹಿರಿಯರು ಮುಂದೆ ಬಂದರು. ಅವರು ಹಿಂದೆ ಬ್ರಿಟನ್ನಿನ ಪ್ರಧಾನಮಂತ್ರಿಗಳಾಗಿದ್ದವರು. ಅವರ ಪತ್ನಿ ಆಡ್ರಿ ಅವರು ಅನೇಕ ವರ್ಷ ಇದೇ ಆಸ್ಪತ್ರೆಯ ಆಡಳಿತದಲ್ಲಿ ಸೇವೆ ಮಾಡಿದವರು. 1988ರಲ್ಲಿ ಕೃತಿಸ್ವಾಮ್ಯದ ಹೊಸ ಕಾಯಿದೆ ಪಾರ್ಲಿಮೆಂಟಿನ ಮುಂದೆ ಇತ್ತು. ಕ್ಯಾಲಹನ್‌ರು ಅದಕ್ಕೆ ಒಂದು ತಿದ್ದುಪಡಿ ಸೂಚಿಸಿದರು. ಅದು ಅಂಗೀಕಾರವಾಯಿತು. ಬ್ರಿಟನ್ನಿನಲ್ಲಿ ‘ಪೀಟರ್ ಪ್ಯಾನ್’ ನಾಟಕವನ್ನು ಆಡಿದರೆ, ಪುಸ್ತಕವನ್ನು ಅಚ್ಚು ಹಾಕಿಸಿದರೆ ಗೌರವಧನವು ಎಂದೆಂದಿಗೂ ಆ ಆಸ್ಪತ್ರೆಗೆ ಸಲ್ಲಬೇಕು ಎಂದು ಕಾಯಿದೆ ಆಯಿತು. ಆದ್ದರಿಂದ ಇಂದಿಗೂ ಅಲ್ಲಿ ಒಂದು ಮಗು ಟಿಕೆಟು ಕೊಂಡು ಆ ನಾಟಕ ನೋಡಿದರೆ, ಅದರ ಒಂದು ಚಿಕ್ಕ ಪಾಲು ಹಾಸಿಗೆಯಲ್ಲಿರುವ ಇನ್ನೊಂದು ಮಗುವಿಗೆ ತಲುಪುತ್ತದೆ. ನೋಡುವ ಮಗುವಿಗೆ ಇದು ಗೊತ್ತೂ ಇರುವುದಿಲ್ಲ.

ಹತ್ತು ಹಾಸಿಗೆಗಳಿಂದ ಪ್ರಾರಂಭವಾದ ಆ ಆಸ್ಪತ್ರೆ ಇಂದು ಜಗತ್ತಿನ ಹೆಸರಾಂತ ಮಕ್ಕಳ ಆಸ್ಪತ್ರೆಗಳಲ್ಲಿ ಒಂದು. 1948ರಿಂದ ಅದರ ದಿನನಿತ್ಯದ ವೆಚ್ಚದ ಹೊಣೆ ಸರಕಾರದ್ದು. ಆದರೂ ಹೊಸ ಯಂತ್ರಗಳಿಗೆ, ಸಂಶೋಧನೆಗೆ, ದೂರದ ಊರಿನಿಂದ ಮಗುವಿನೊಡನೆ ಬಂದ ತಂದೆತಾಯಿಗಳ ವಸತಿಗೆ ದಾನದ ಹಣ ಇಂದಿಗೂ ಬೇಕಾಗುತ್ತದೆ. ಆಸ್ಪತ್ರೆಯ ಮುಂದೆ ಪೀಟರ್ ಪ್ಯಾನನ ಪ್ರತಿಮೆ ನಿಂತಿದೆ.

ಎಷ್ಟು ಹಣ?

ಇಷ್ಟು ಓದಿದ ಮೇಲೆ ನಿಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರಬಹುದು. ‘ಪೀಟರ್ ಪ್ಯಾನ್’ನಿಂದ ಆಸ್ಪತ್ರೆಗೆ ಇಲ್ಲಿಯ ವರೆಗೆ ಎಷ್ಟು ಹಣ ಬಂದಿರಬಹುದು?

ಅದನ್ನು ಆಸ್ಪತ್ರೆಯವರು ಹೇಳುವುದಿಲ್ಲ. ಎಷ್ಟು ಹಣ ಬಂದಿತೆಂದು ಯಾರಿಗೂ ತಿಳಿಸಬೇಡಿರಿ ಎಂದು ಬ್ಯಾರಿಯವರೇ ಕೇಳಿಕೊಂಡಿದ್ದರು. ಅವರು ಹೋಗಿ ಎಂಬತ್ತಕ್ಕೂ ಹೆಚ್ಚು ವರ್ಷಗಳಾದವು. ಆಸ್ಪತ್ರೆಯವರು ಆ ಮಾತನ್ನು ಇಂದಿಗೂ ನಡೆಸಿಕೊಂಡು ಬಂದಿದ್ದಾರೆ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಹಿರಿಯರು ಹೇಳುವುದನ್ನು ನೀವು ಕೇಳಿದ್ದೀರಿ. ಹಾಗೆಂದು ಕಲ್ಲಿನ ಮೇಲೆ ಹೆಸರು ಕೊರೆಸಿದವರದು ದಾನವಲ್ಲವೆಂದು ತಿಳಿಯಬೇಡಿರಿ. ಅನೇಕ ಸಲ ಆ ಹೆಸರು ಕೊಟ್ಟವರದೇ ಆಗಿರುವುದಿಲ್ಲ. ಅವರು ಪ್ರೀತಿಸಿದವರದು ಆಗಿರುತ್ತದೆ. ನಮ್ಮ ಮುಂಬಯಿಯ ಪರೇಲದಲ್ಲಿ ಬಾಯಿ ಜೇರ್ಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆ ಇದೆ. ಬ್ಯಾರಿಯವರು ದಾನ ಕೊಟ್ಟ 1929ನೆಯ ಇಸವಿಯಲ್ಲಿಯೇ ಅದು ಸ್ಥಾಪನೆಯಾಯಿತು. ಜೇರ್ಬಾಯಿ ಎಂಬುದು ಒಬ್ಬ ತಾಯಿಯ ಹೆಸರು. ಆಕೆಯ ಮಕ್ಕಳು ತಾಯಿಯ ಹೆಸರನ್ನು ಮಕ್ಕಳ ಆಸ್ಪತ್ರೆಗೆ ಇಟ್ಟರು. ಇಲ್ಲಿ ಮಕ್ಕಳು ತಾಯಿಯನ್ನು ನೆನೆದರು. ಅಲ್ಲಿ, ಅಣ್ಣನನ್ನು ಕಳೆದುಕೊಂಡು ಬೆಳೆದವನೊಬ್ಬ ತನ್ನ ಅತ್ಯಂತ ಪ್ರೀತಿಯ ಕಥೆಯನ್ನು ಮಕ್ಕಳಿಗೆ ಒಪ್ಪಿಸಿದನು.

ಕಥೆಯ ಪೀಟರ್ ಎಂದೂ ಬೆಳೆಯುವುದಿಲ್ಲ. ಅದು ಕಥೆಯಲ್ಲಿ ಚೆನ್ನ. ಆದರೆ ನಿಜವಾದ ಮಕ್ಕಳು ಬೆಳೆಯಬೇಕು. ಜ್ವರ ಬಿಟ್ಟು ಏಳಬೇಕು, ಶಾಲೆಗೆ ಹೋಗಬೇಕು, ಹದಿನಾಲ್ಕು ದಾಟಬೇಕು, ದೊಡ್ಡವರಾಗಬೇಕು. ಬೆಳೆಯದ ಹುಡುಗನೊಬ್ಬ ಸಾವಿರಾರು ಮಕ್ಕಳು ಬೆಳೆಯಲು ನೆರವಾಗುತ್ತಿದ್ದಾನೆ. ಬ್ಯಾರಿಯವರು ಆ ಮಕ್ಕಳ ಮುಖ ನೋಡಲಿಲ್ಲ. ಆ ಮಕ್ಕಳಲ್ಲಿ ಅನೇಕರಿಗೆ ಬ್ಯಾರಿಯವರ ಹೆಸರೂ ಗೊತ್ತಿರಲಿಕ್ಕಿಲ್ಲ. ಒಂದು ಕಾಲಕ್ಕೆ ಅವರು ಅಮ್ಮನ ನಗೆಯನ್ನು ಗೆರೆ ಎಳೆದು ಎಣಿಸಿದ್ದರು. ಗುಣವಾಗಿ ಮನೆಗೆ ಹೋಗುವ ಈ ಮಕ್ಕಳ ನಗೆಯನ್ನು ಎಣಿಸಲು ಯಾವ ಕಾಗದ ಸಾಕಾದೀತು?

ಹೊಸ ಶಬ್ದಗಳ ಅರ್ಥ

ಸ್ಮರಣಾರ್ಥ – ನೆನಪಿಗಾಗಿ
ಪರಕೀಯ – ಹೊರಗಿನದು, ಬೇರೆಯವರದು
ತಬ್ಬಲಿ – ತಂದೆತಾಯಿ ಇಲ್ಲದ ಮಗು
ಕಿನ್ನರಿ – ಕಥೆಗಳಲ್ಲಿ ಬರುವ ರೆಕ್ಕೆಯುಳ್ಳ ಪುಟ್ಟ ದೇವತೆ
ದೇಣಿಗೆ – ಒಳ್ಳೆಯ ಕೆಲಸಕ್ಕಾಗಿ ಕೊಡುವ ಹಣ ಅಥವಾ ವಸ್ತು
ಲಾವಣಿ – ಹೊಲವನ್ನು ಪಾಲಿಗೆ ಅಥವಾ ಹಣಕ್ಕೆ ಸಾಗುವಳಿಗೆ ಕೊಡುವುದು
ಕೃತಿಸ್ವಾಮ್ಯ – ಬರೆದ ಕೃತಿಯ ಮೇಲಿನ ಒಡೆತನ
ಮೃತ್ಯುಪತ್ರ – ಉಯಿಲು
ತಿದ್ದುಪಡಿ – ಕಾಯಿದೆಯಲ್ಲಿ ಮಾಡುವ ಬದಲಾವಣೆ

ಸ್ವಾಧ್ಯಾಯ

ಅ) ಒಂದೊಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ಜೇಮ್ಸ್ ಬ್ಯಾರಿಯವರು ಯಾವ ಊರಿನಲ್ಲಿ ಹುಟ್ಟಿದರು?
2. ಜೇಮ್ಸ್ ಕಾಗದದ ಮೇಲೆ ಗೆರೆಗಳನ್ನು ಏಕೆ ಎಳೆಯುತ್ತಿದ್ದನು?
3. ಮಕ್ಕಳ ಆಸ್ಪತ್ರೆಯನ್ನು ಸ್ಥಾಪಿಸಲು ಪ್ರಯತ್ನಿಸಿದ ವೈದ್ಯರು ಯಾರು?
4. ಭಾರತದಲ್ಲಿ ಲೇಖಕರ ಮರಣದ ನಂತರ ಕೃತಿಸ್ವಾಮ್ಯ ಎಷ್ಟು ವರ್ಷ ಇರುತ್ತದೆ?

ಆ) ಮೂರು-ನಾಲ್ಕು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ಕೃತಿಸ್ವಾಮ್ಯವನ್ನು ಲಾವಣಿಗೆ ಕೊಟ್ಟ ಹೊಲಕ್ಕೆ ಏಕೆ ಹೋಲಿಸಲಾಗಿದೆ?
2. 1988ರಲ್ಲಿ ಏನು ನಡೆಯಿತು? ಅದರಿಂದ ಆಸ್ಪತ್ರೆಗೆ ಆದ ಲಾಭವೇನು?
3. ಹಣದ ಮೊತ್ತವನ್ನು ಯಾರಿಗೂ ತಿಳಿಸಬಾರದೆಂದು ಬ್ಯಾರಿಯವರು ಏಕೆ ಬಯಸಿರಬಹುದು? ನಿಮ್ಮ ವಿಚಾರವನ್ನು ಬರೆಯಿರಿ.

ಇ) ಬಿಟ್ಟ ಸ್ಥಳ ತುಂಬಿರಿ.
1. ಪೀಟರ್ ಪ್ಯಾನ್ ಎಂದೂ ______ ಹುಡುಗ.
2. ಮೊದಲು ಆಸ್ಪತ್ರೆಯಲ್ಲಿ ______ ಹಾಸಿಗೆಗಳಿದ್ದವು.
3. ಮೃತ್ಯುಪತ್ರಕ್ಕೆ ಸಾಮಾನ್ಯವಾಗಿ ______ ಸಾಕ್ಷಿಗಳ ಸಹಿ ಬೇಕು.

ಈ) ಮಾದರಿಯಂತೆ ಬಿಡಿಸಿ ಬರೆಯಿರಿ.
ಮಾದರಿ: ಮಾತಿಲ್ಲ = ಮಾತು + ಇಲ್ಲ
ಊರಲ್ಲಿ, ಮತ್ತೊಬ್ಬ, ಹಣವಿಲ್ಲ

ಉ) ವಿರುದ್ಧಾರ್ಥಕ ಶಬ್ದ ಬರೆಯಿರಿ.
ಮರಣ, ಲಾಭ, ಬಡವ, ಪ್ರಾರಂಭ

ಉಪಕ್ರಮ

ನಿಮ್ಮ ಊರಿನ ಶಾಲೆ, ದವಾಖಾನೆ, ಗುಡಿ, ಮಸೀದಿಗಳಲ್ಲಿ ದಾನಿಗಳ ಹೆಸರುಳ್ಳ ಫಲಕಗಳನ್ನು ಹುಡುಕಿರಿ. ಅದರಲ್ಲಿ ಒಬ್ಬರ ಬಗೆಗೆ ಮನೆಯ ಹಿರಿಯರನ್ನು ಕೇಳಿರಿ. ಅವರು ಯಾರು, ಏನು ಕೊಟ್ಟರು, ಯಾರ ನೆನಪಿಗಾಗಿ ಕೊಟ್ಟರು ಎಂಬುದನ್ನು ಹತ್ತು ಸಾಲುಗಳಲ್ಲಿ ಬರೆದು ವರ್ಗದಲ್ಲಿ ಓದಿ ತೋರಿಸಿರಿ.